ಅಣ್ಣನ ಬದಲಿಗೆ ಹೋದ ಫಾದರ್ ಡೇಮಿಯನ್

ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ನೇ ಇಸವಿ ಜನವರಿ 3ರಂದು ಜೋಸೆಫ್ ಡಿ ವ್ಯೂಸ್ಟರ್ ಹುಟ್ಟಿದರು. ತಂದೆಗೆ ಬೇಸಾಯವಿತ್ತು, ಜೊತೆಗೆ ಧಾನ್ಯದ ವ್ಯಾಪಾರವಿತ್ತು. ಮಗ ವ್ಯಾಪಾರಕ್ಕೆ ಒದಗಲಿ ಎಂದು ಫ್ರೆಂಚ್ ಕಲಿಯಲು ಬೇರೆ ಊರಿಗೆ ಕಳುಹಿಸಿದರು. ಮನೆಮಾತು ಒಂದು, ವ್ಯವಹಾರದ ಮಾತು ಇನ್ನೊಂದು. ಗಡಿನಾಡಿನ ನಮ್ಮ ವಿದ್ಯಾರ್ಥಿಗಳಿಗೆ ಈ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ.

ಹುಡುಗನ ಮನಸ್ಸು ಲೆಕ್ಕಪತ್ರದಲ್ಲಿ ನಿಲ್ಲಲಿಲ್ಲ. ಅಣ್ಣ ಪ್ಯಾಂಫಿಲ್ ಲೂವೆನ್ ನಗರದಲ್ಲಿ ಕ್ರೈಸ್ತ ಸಂನ್ಯಾಸಿಗಳ ಮಠವನ್ನು ಸೇರಿದ್ದರು. 1859ರಲ್ಲಿ ತಮ್ಮನೂ ಅಲ್ಲಿಗೇ ಸೇರಿ ಡೇಮಿಯನ್ ಎಂಬ ಹೆಸರು ಪಡೆದರು. ಓದು ಸಾಲದೆಂದು ಹಿರಿಯರು ಮೊದಲು ಅವರನ್ನು ಪಾದ್ರಿಯಾಗಲು ತಕ್ಕವರೆಂದು ಎಣಿಸಲಿಲ್ಲ. ಅಣ್ಣನ ಬಳಿ ಕುಳಿತು ಲ್ಯಾಟಿನ್ ಕಲಿತ ಮೇಲೆಯೇ ಆ ಬಾಗಿಲು ತೆರೆದದ್ದು.

ದೇವರ ಕರೆ ಎಂದರೆ ಆಕಾಶವಾಣಿಯೇ ಎಂದು ಎಷ್ಟೋ ಮಂದಿ ತಿಳಿದಿರುತ್ತಾರೆ. ಡೇಮಿಯನ್ನರಿಗೆ ಅದು ಅಣ್ಣನ ಕಾಯಿಲೆಯ ರೂಪದಲ್ಲಿ ಬಂದಿತು. 1863ರಲ್ಲಿ ಹವಾಯಿ ದ್ವೀಪಗಳ ಸೇವೆಗೆ ಪ್ಯಾಂಫಿಲ್ ಆಯ್ಕೆಯಾಗಿದ್ದರು. ಹಡಗಿನಲ್ಲಿ ಜಾಗವೂ ಗೊತ್ತಾಗಿತ್ತು. ಅಷ್ಟರಲ್ಲಿ ರೋಗಿಗಳ ಆರೈಕೆಗೆ ಹೋಗಿ ಅವರೇ ಟೈಫಸ್ ಜ್ವರ ಹಿಡಿದು ಮಲಗಿದರು. ತಮ್ಮ ಇನ್ನೂ ವಿದ್ಯಾರ್ಥಿ. ಆದರೂ ತನ್ನ ಮಠದ ಹಿರಿಯರನ್ನು ಕೇಳದೆ, ಅಣ್ಣನ ಬದಲಿಗೆ ತನ್ನನ್ನು ಕಳುಹಿಸಬೇಕೆಂದು ನೇರವಾಗಿ ಪ್ಯಾರಿಸಿನ ಮುಖ್ಯಸ್ಥರಿಗೇ ಕಾಗದ ಬರೆದರು. ಇದು ಶಿಸ್ತಿಗೆ ಒಪ್ಪುವ ನಡತೆಯಲ್ಲ. ಆದರೆ ಅನುಮತಿ ಬಂದಿತು. ಸುಮಾರು ಐದು ತಿಂಗಳ ಪ್ರಯಾಣದ ನಂತರ 1864ರ ಮಾರ್ಚ್ 19ರಂದು ಹೊನೊಲುಲು ಮುಟ್ಟಿದರು. ಅದೇ ವರ್ಷ ಗುರುದೀಕ್ಷೆಯಾಯಿತು.

ಮುಂದಿನ ಒಂಬತ್ತು ವರ್ಷ ಹವಾಯಿಯ ದೊಡ್ಡ ದ್ವೀಪದಲ್ಲಿ ಕಳೆಯಿತು. ಊರೂರು ಸುತ್ತುವುದು, ಬಡಗಿಯ ಕೆಲಸ ಮಾಡಿ ಸಣ್ಣ ದೇವಾಲಯಗಳನ್ನು ಕಟ್ಟುವುದು ಇವೇ ದಿನಚರಿ.

ಆ ಕಾಲದಲ್ಲಿ ಕುಷ್ಠರೋಗಕ್ಕೆ ಮದ್ದಿರಲಿಲ್ಲ. 1866ರಿಂದ ಅಲ್ಲಿನ ಸರಕಾರ ರೋಗಿಗಳನ್ನು ಹಿಡಿದು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸುತ್ತಿತ್ತು. ಮೂರು ಕಡೆ ಸಮುದ್ರ, ನಾಲ್ಕನೆಯ ಕಡೆ ಕಡಿದಾದ ಬೆಟ್ಟ. ಹೋದವರು ಮರಳುತ್ತಿರಲಿಲ್ಲ. 1873ರಲ್ಲಿ ಬಿಷಪ್ ಮೈಗ್ರೆ ತಮ್ಮ ಪಾದ್ರಿಗಳ ಮುಂದೆ ಈ ವಿಷಯವೆತ್ತಿದರು. ಆಜ್ಞೆ ಮಾಡಲು ಅವರಿಗೆ ಬಾಯಿ ಬರಲಿಲ್ಲ. ನಾಲ್ವರು ತಾವಾಗಿ ಮುಂದೆ ಬಂದರು. ಸರದಿಯಂತೆ ಹೋಗಿಬರುವುದೆಂದು ಮಾತಾಯಿತು. ಮೊದಲ ಸರದಿ ಡೇಮಿಯನ್ನರದು. ಮೇ 10ರಂದು ಇಳಿದವರು ಅಲ್ಲೇ ಇರಲು ಅಪ್ಪಣೆ ಬೇಡಿದರು. ಸರದಿಯ ಮಾತು ಅಲ್ಲಿಗೇ ನಿಂತಿತು.

ಮಲಗಲು ಮನೆಯಿಲ್ಲದೆ ಆರಂಭದ ರಾತ್ರಿಗಳನ್ನು ಒಂದು ಮರದ ಕೆಳಗೆ ಕಳೆದರು. ಅದು ನಮ್ಮ ಕೇದಗೆಯ ಜಾತಿಯ ಮರ. ಹುಣ್ಣುಗಳ ದುರ್ವಾಸನೆ ತಡೆಯಲಾರದೆ ಪೈಪ್ ಸೇದಲು ಕಲಿತರಂತೆ. ರೋಗಿಗಳ ಹುಣ್ಣು ತೊಳೆದು ಕಟ್ಟಿದರು, ಮನೆಗಳನ್ನು ಕಟ್ಟಿದರು, ಕೊಳವೆ ಹಾಕಿ ನೀರು ತರಿಸಿದರು. ಅನಾಥ ಮಕ್ಕಳನ್ನು ಸಾಕಿದರು. ಸತ್ತವರಿಗೆ ಪೆಟ್ಟಿಗೆ ಮಾಡಿದರು, ಗುಂಡಿಯನ್ನೂ ತೋಡಿದರು. ಹಾಡುವವರ ತಂಡವನ್ನೂ ವಾದ್ಯದ ತಂಡವನ್ನೂ ಕಟ್ಟಿದರು. ಇದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಾಯಲೆಂದು ಬಿಟ್ಟವರಿಗೆ ಹಾಡು ಕಲಿಸಬೇಕೆಂದು ಯಾರಿಗೆ ತೋಚೀತು! ಉಪದೇಶ ಮಾಡುವಾಗ ರೋಗಿಗಳನ್ನು ನೀವು ಎನ್ನದೆ, ತಮ್ಮನ್ನೂ ಸೇರಿಸಿ ನಾವು ಎನ್ನುವುದು ಮೊದಲ ವರ್ಷದಿಂದಲೇ ಅವರ ರೂಢಿಯಾಗಿತ್ತು.

ಒಮ್ಮೆ ಅವರ ಹಿರಿಯ ಪಾದ್ರಿಯೊಬ್ಬರು ಹಡಗಿನಲ್ಲಿ ಬಂದರು. ಹಡಗಿನಿಂದ ಇಳಿಯಲು ಅವರಿಗೆ ಅನುಮತಿಯಿಲ್ಲ, ಹತ್ತಲು ಡೇಮಿಯನ್ನರಿಗೆ ಅನುಮತಿಯಿಲ್ಲ. ದೋಣಿಯಲ್ಲಿ ಹಡಗಿನ ಮಗ್ಗುಲಿಗೆ ಹೋಗಿ, ಗುಟ್ಟಾಗಿ ಹೇಳಬೇಕಾದ ತಮ್ಮ ಪಾಪನಿವೇದನೆಯನ್ನು ಎಲ್ಲರ ಎದುರು ಕೂಗಿ ಹೇಳಿದರು.

1884ರ ಡಿಸೆಂಬರಿನಲ್ಲಿ ಒಂದು ದಿನ ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಕಾಲಿಟ್ಟರು. ಚರ್ಮ ಬೊಕ್ಕೆಯೆದ್ದಿತು, ನೋವಾಗಲಿಲ್ಲ. ಆ ಲಕ್ಷಣವನ್ನು ಎಷ್ಟೋ ಮಂದಿಯಲ್ಲಿ ಕಂಡವರಿಗೆ ಅರ್ಥ ಹೇಳಬೇಕೇ? ಮಾತಿನಲ್ಲಿದ್ದ ನಾವು ಎಂಬುದು ಮೈಯಲ್ಲೂ ನಿಜವಾಯಿತು.

ಅವರು ಮುಂಗೋಪಿ, ಹಟಮಾರಿ. ಜೊತೆಗೆ ಬಂದ ಪಾದ್ರಿಗಳೊಡನೆ ಹೊಂದಿಕೆಯಾಗುತ್ತಿರಲಿಲ್ಲ. ಬೇಡಿಕೆಗಳ ಕಾಗದ ಓದಿ ಮೇಲಿನವರು ಬೇಸತ್ತಿದ್ದರು. ಇದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಹಟವಿಲ್ಲದಿದ್ದರೆ ಪ್ಯಾರಿಸಿಗೆ ಕಾಗದವೂ ಹೋಗುತ್ತಿರಲಿಲ್ಲ.

1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊದಲು ಮಲಗಿದ್ದ ಆ ಮರದ ಕೆಳಗೇ ಸಮಾಧಿಯಾಯಿತು. 1936ರಲ್ಲಿ ದೇಹವನ್ನು ಬೆಲ್ಜಿಯಮ್ಮಿಗೆ ಒಯ್ದರು. ಬಲಗೈಯ ಅವಶೇಷ ಮಾತ್ರ 1995ರಲ್ಲಿ ಮೊಲೊಕಾಯಿಗೆ ಮರಳಿತು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಇನ್ನು ಅಣ್ಣ ಪ್ಯಾಂಫಿಲ್. ತಮ್ಮ ಸತ್ತು ಆರು ವರ್ಷಗಳಾದ ಮೇಲೆ, 1895ರಲ್ಲಿ ಅವರೂ ಮೊಲೊಕಾಯಿಗೆ ಬಂದರು. ಎರಡು ವರ್ಷ ತುಂಬುವ ಮೊದಲೇ ಊರಿಗೆ ಮರಳಿದರು. ಅದಕ್ಕಾಗಿ ಅವರನ್ನು ಹಳಿಯಲು ನನಗೆ ಮನಸ್ಸಿಲ್ಲ. ಆಗ ಅವರಿಗೆ ಐವತ್ತು ದಾಟಿತ್ತು; ತಮ್ಮನಿಗೆ ಲ್ಯಾಟಿನ್ ಕಲಿಸಿದವರೂ ಅವರೇ ಅಲ್ಲವೇ?