ಅಬ್ಬೆ ದುಬಾಯ್ ಪಾದ್ರಿಗಳ ಚರಿತ್ರೆ

ನಾವು ಇದನ್ನು ಬರೆಯುತ್ತಿರುವ ಬೆಂಗಳೂರಿನ ಹನುಮಂತನಗರದಿಂದ ಮೈಸೂರು ದಾರಿಯನ್ನು ಹಿಡಿದು ಹೋದರೆ ಶ್ರೀರಂಗಪಟ್ಟಣವು ಸಿಕ್ಕುವದು. ಅಲ್ಲಿಯ ಕೋಟೆಯನ್ನು ನೋಡಿ ಬರುವವರು ಬಹುಮಂದಿ. ಆದರೆ ಆ ಊರಿನಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ ಸೇವೆಮಾಡಿ, ಸಾವಿರಾರು ಜನರನ್ನು ಸಿಡುಬಿನಿಂದ ತಪ್ಪಿಸಿದ ಅಬ್ಬೆ ದುಬಾಯ್ ಎಂಬವರನ್ನು ನೆನೆಯುವವರು ಸ್ವಲ್ಪವೇ. ಅವರು ನಮ್ಮ ಸಭೆಯವರಲ್ಲ, ರೋಮನ್ ಕಥೋಲಿಕ ಪಾದ್ರಿಗಳು. ಆದರೂ ಒಳ್ಳೇ ಕೆಲಸವು ಯಾರಿಂದ ನಡೆದರೂ ಅದನ್ನು ಸಂತೋಷದಿಂದ ಒಪ್ಪಿಕೊಳ್ಳುವದು ನಮಗೆ ನ್ಯಾಯವಾಗಿದೆ.

ಇವರು 1765ರಲ್ಲಿ ಫ್ರಾನ್ಸ್ ದೇಶದಲ್ಲಿ ಹುಟ್ಟಿದರು. 1792ರಲ್ಲಿ ಪಾದ್ರಿಯ ದೀಕ್ಷೆಯನ್ನು ಹೊಂದಿ, ಅದೇ ವರುಷ ಸ್ವದೇಶವನ್ನು ಬಿಟ್ಟು ಇಂಡಿಯಾಕ್ಕೆ ಹೊರಟರು. 1799ರಲ್ಲಿ ಟೀಪೂ ಸುಲ್ತಾನನು ಮಡಿದು ಶ್ರೀರಂಗಪಟ್ಟಣವು ಇಂಗ್ಲಿಷರ ವಶವಾದ ಮೇಲೆ, ಅಲ್ಲಿ ಚದರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುವದಕ್ಕಾಗಿ ಮೈಸೂರು ಸೀಮೆಗೆ ಬಂದರು. ಅವರು ಈ ದೇಶದವರ ಹಾಗೆಯೇ ಉಡುಪನ್ನು ಧರಿಸಿ, ಮಾಂಸವನ್ನು ಬಿಟ್ಟು, ಹಳ್ಳಿಯವರ ಮಾತನ್ನೂ ರೀತಿಯನ್ನೂ ಕಲಿತು ಬಾಳಿದರು. ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಬಡ ಕ್ರೈಸ್ತರು ಭೂಮಿಯನ್ನು ಉತ್ತು ಜೀವಿಸುವ ಹಾಗೆ ಒಂದು ಒಕ್ಕಲನ್ನು ನೆಲೆಗೊಳಿಸಿದರು.

ಆ ಕಾಲದಲ್ಲಿ ಸಿಡುಬು ಅಂದರೆ ಹಳ್ಳಿಗೆ ಹಳ್ಳಿಯೇ ನಡುಗುತ್ತಿತ್ತು. ಬೇನೆ ಬಿದ್ದವರಲ್ಲಿ ಅನೇಕರು ಸತ್ತರು; ಉಳಿದವರಲ್ಲಿ ಕೆಲವರು ಕಣ್ಣು ಕಳಕೊಂಡರು; ಮುಖದ ಕಲೆಯಂತೂ ಸಾಯುವ ತನಕ ಹೋಗುತ್ತಿರಲಿಲ್ಲ. ಹೀಗಿರಲಾಗಿ 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು, ಹಸುವಿನ ಸಿಡುಬಿನ ರಸವನ್ನು ಮನುಷ್ಯನ ತೋಳಿಗೆ ಹಚ್ಚಿದರೆ ದೊಡ್ಡ ಸಿಡುಬು ತಗಲದೆಂದು ಪರೀಕ್ಷಿಸಿ ತಿಳಿಸಿದರು. ಇದನ್ನೇ ನಮ್ಮ ಹಿರಿಯರು ದಾಕು ಹಾಕುವದೆಂದು ಕರೆದರು. ಜೆನ್ನರ್ ಅವರು ತಮ್ಮ ತೋಟದ ಗುಡಿಸಲಿನಲ್ಲಿ ಬಡವರಿಗೆ ಹಣವಿಲ್ಲದೆ ದಾಕು ಹಾಕುತ್ತಿದ್ದರು.

ಆದರೆ ಆ ರಸವನ್ನು ದೂರದೇಶಕ್ಕೆ ಸಾಗಿಸುವದು ಸುಲಭವಾಗಿರಲಿಲ್ಲ. ಯಾಕಂದರೆ ಬಿಸಿಲಿನಲ್ಲಿ ಅದು ಬಲವನ್ನು ಕಳಕೊಳ್ಳುವದು. ಆದದರಿಂದ ಒಂದು ಮಗುವಿಗೆ ದಾಕು ಹಾಕಿ, ಸುಮಾರು ಎಂಟು ದಿನಗಳಲ್ಲಿ ಅದರ ತೋಳಿನ ಗುಳ್ಳೆ ತುಂಬಿದಾಗ ಅಲ್ಲಿಂದ ರಸವನ್ನು ತೆಗೆದು ಮತ್ತೊಂದು ಮಗುವಿಗೆ ಹಾಕಬೇಕಾಗಿತ್ತು. ಹೀಗೆ ತೋಳಿನಿಂದ ತೋಳಿಗೆ ಬರುತ್ತಾ, ಬಾಗ್ದಾದ್ ಮತ್ತು ಬಸ್ರಾ ಪಟ್ಟಣಗಳನ್ನು ದಾಟಿ ಅದು ಬೊಂಬಾಯಿಗೆ ಮುಟ್ಟಿತು. ಅಲ್ಲಿ 1802ನೇ ಜೂನ್ 14ರಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರುಷದ ಹುಡುಗಿಗೆ ಹಾಕಿದ ದಾಕು ಹಿಡಿಯಿತು. ಆ ಒಂದು ಎಳೆಯ ತೋಳಿನಿಂದ ಅದು ಇಂಡಿಯಾದಲ್ಲೆಲ್ಲಾ ಹರಡಿತು. ನಡುವೆ ಒಂದು ತಾಯಿ ತನ್ನ ಮಗುವನ್ನು ಹಿಂದೆಗೆದರೂ ಸರಪಣಿಯು ಅಲ್ಲಿಯೇ ಕಡಿದುಹೋಗುವ ಅಪಾಯವಿತ್ತು.

ಮೈಸೂರು ಸೀಮೆಗೆ ದಾಕು ಬಂದಾಗ ದುಬಾಯ್ ಅವರು ಅದನ್ನು ಹಳ್ಳಿಹಳ್ಳಿಗೆ ಮುಟ್ಟಿಸುವದಕ್ಕೆ ಮುಂದಾದರು. ಜನರಿಗೆ ಭಯಗಳು ಬಹಳವಿದ್ದವು. ದಾಕು ಹಾಕಿಸಿಕೊಂಡರೆ ಅಮ್ಮ ಮುನಿಯುವಳೆಂದು ಕೆಲವರು ಹೆದರಿದರು. ಬೇರೆ ಜಾತಿಯ ಮಗುವಿನ ರಸವು ತಮ್ಮ ಮಗುವಿಗೆ ಮೈಲಿಗೆಯೆಂದು ಕೆಲವರು ಹಿಂಜರಿದರು. ಆದರೆ ರಸವು ಜಾತಿಯನ್ನು ಕೇಳಲಿಲ್ಲ. ಯಾರ ತೋಳಿನಿಂದ ಬಂದರೂ ಮಗುವನ್ನು ಕಾಪಾಡಿತು. ತಮ್ಮೊಳಗೆ ಒಬ್ಬನಾಗಿ ಬಾಳಿದ ಮನುಷ್ಯನ ಮಾತಿಗೆ ಜನರು ಕಿವಿಗೊಟ್ಟರು. 1803-04ರಲ್ಲಿ 25,432 ಮಂದಿಗೆ ದಾಕು ಹಾಕಲ್ಪಟ್ಟಿತೆಂದು ಲೆಕ್ಕವುಂಟು. ಅನಂತರ ಮೈಸೂರಿನ ಚಿಕ್ಕ ರಾಣಿ ದೇವಾಜಮ್ಮಣ್ಣಿಯವರಿಗೂ ದಾಕು ಹಾಕಲಾಗಿ, ಪ್ರಜೆಗಳ ಧೈರ್ಯವು ಇನ್ನೂ ಹೆಚ್ಚಿತು.

ದುಬಾಯ್ ಅವರಿಗೆ ಲೋಕದಲ್ಲಿ ಹೆಸರು ಬಂದದ್ದು ಮಾತ್ರ ಬೇರೆ ಕಾರಣದಿಂದ. ಹಿಂದೂ ಜನರ ನಡೆನುಡಿ ಆಚಾರಗಳನ್ನು ಕುರಿತ ಅವರ ಬರಹವನ್ನು ಕುಂಪಣಿ ಸರಕಾರದವರು ಕೊಂಡುಕೊಂಡು ಅಚ್ಚುಹಾಕಿಸಿದರು. ಆದರೆ ಅದರಲ್ಲಿ ಬಹುಭಾಗವು ಕೂರ್ದೂ ಎಂಬ ಮುಂಚಿನ ಪಾದ್ರಿಯ ಕೈಬರಹದಿಂದ ಬಂದದ್ದೆಂದು ಪಂಡಿತರು ತೋರಿಸಿದ್ದಾರೆ. ತಮ್ಮ ಬೋಧನೆಯ ವಿಷಯದಲ್ಲಿಯಾದರೋ ಅವರು ಮನನೊಂದವರಾಗಿದ್ದರು. 1823ರಲ್ಲಿ ಸ್ವದೇಶಕ್ಕೆ ತಿರುಗಿಹೋದ ವರುಷವೇ, ಈ ದೇಶದಲ್ಲಿ ಕ್ರೈಸ್ತ ಮತಕ್ಕೆ ನಿರೀಕ್ಷೆಯಿಲ್ಲವೆಂದು ಪುಸ್ತಕವನ್ನು ಪ್ರಕಟಿಸಿದರು. ನಮ್ಮ ಪ್ರಾಟೆಸ್ಟಂಟ್ ಮಿಶನರಿಗಳು ಅದಕ್ಕೆ ಉತ್ತರ ಬರೆದರು. ಇಂದು ಹಳ್ಳಿಗಳಲ್ಲಿರುವ ಸಭೆಗಳೇ ಅದಕ್ಕೆ ಇನ್ನೊಂದು ಉತ್ತರ. 1848ರಲ್ಲಿ ಅವರು ಪಾರಿಸ್ ಪಟ್ಟಣದಲ್ಲಿ ತೀರಿಕೊಂಡರು.

ವಾಚಕರೇ, ಇದನ್ನು ಆಲೋಚಿಸಿರಿ. ಅವರ ಪುಸ್ತಕದ ಕೀರ್ತಿ ಅರ್ಧ ಮತ್ತೊಬ್ಬರದು. ತಮ್ಮ ಬೋಧನೆಯು ನಿಷ್ಫಲವೆಂದು ಅವರೇ ಎಣಿಸಿದರು. ದಾಕಿನಿಂದ ಉಳಿದ ಪ್ರಾಣಗಳನ್ನಾದರೋ ಯಾರೂ ಅಲ್ಲಗಳೆಯಲಾರರು. ಹಾಗೆ ಉಳಿದ ಮಕ್ಕಳು ಬೆಳೆದು, ಮದುವೆಯಾಗಿ, ಮಕ್ಕಳನ್ನು ಹೆತ್ತರು. ಅವರ ಸಂತತಿಯವರು ಇಂದು ಅವರ ಹೆಸರನ್ನೂ ಅರಿಯರು. ಪಡೆದವನು ಕೊಟ್ಟವನನ್ನು ಅರಿಯದಿರುವಂಥದೇ ನಿಜವಾದ ದಾನ.

ಆ ಸರಪಣಿಯು ಕಡಿಯಲಿಲ್ಲ. 1980ರಲ್ಲಿ ಸಿಡುಬು ಭೂಮಿಯ ಮೇಲಿಂದ ಅಳಿದುಹೋಯಿತೆಂದು ಸಾರಲ್ಪಟ್ಟಿತು. ಪೋಲಿಯೋ ಬೇನೆಗೆ ವಿರೋಧವಾಗಿ ರೋಟರಿ ಸಂಘದವರು 1985ರಿಂದ ಲೋಕದಲ್ಲೆಲ್ಲಾ ವಂತಿಗೆ ಕೂಡಿಸಿದರು. 2014ರಲ್ಲಿ ನಮ್ಮ ದೇಶವು ಅದರಿಂದ ಬಿಡುಗಡೆಯಾಯಿತೆಂಬ ಪ್ರಮಾಣವು ಸಿಕ್ಕಿತು. ಬಡದೇಶಗಳ ಮಕ್ಕಳಿಗೆ ಲಸಿಕೆಯನ್ನು ಒದಗಿಸುವ ಗಾವಿ ಎಂಬ ಕೂಟವು 2000ದಲ್ಲಿ ಹುಟ್ಟಿ, ಸರಕಾರಗಳ ಮತ್ತು ದಾನಿಗಳ ಹಣದಿಂದ ನಡೆಯುತ್ತಿದೆ. ಆದರೂ ಕೆಲಸವು ಮುಗಿದಿಲ್ಲ. 2023ರಲ್ಲಿ ದಡಾರ ಒಂದರಿಂದಲೇ ಲಕ್ಷಕ್ಕೆ ಮೇಲ್ಪಟ್ಟು ಜನರು ಸತ್ತರೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಲಸಿಕೆ ಕಾಣದ ಎಳೆಯ ಮಕ್ಕಳು.

ಆದದರಿಂದ ನಾವು ಎರಡು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದಾಗಿ, ನಿಮ್ಮ ಮನೆಯ ಮಕ್ಕಳಿಗೆ ತಪ್ಪದೆ ಲಸಿಕೆ ಹಾಕಿಸಿರಿ. ಎರಡನೆಯದಾಗಿ, ಸುಗ್ಗಿಯ ಕಾಣಿಕೆಯಲ್ಲಿ ಸ್ವಲ್ಪವನ್ನಾದರೂ ನೀವು ಎಂದಿಗೂ ನೋಡದ ದೇಶದ ಮಗುವಿನ ಲಸಿಕೆಗೋಸ್ಕರ ತೆಗೆದಿಡಿರಿ. ಹಿಂದೆ ಬೊಂಬಾಯಿಯ ಮಗುವಿನ ತೋಳಿನಿಂದ ನಮ್ಮ ಹಳ್ಳಿಗೆ ರಕ್ಷಣೆ ಬಂತು. ಈಗ ನಮ್ಮ ಕೈಯಿಂದ ಮತ್ತೊಂದು ಹಳ್ಳಿಗೆ ಅದು ಹೋಗಲಿ.