ದೇಶಬಂಧುಗಳೂ ಕಲ್ಕತ್ತೆಯ ನೌಕರಿಗಳೂ

ದೇಶಬಂಧು ಚಿತ್ತರಂಜನ ದಾಸರ ಹೆಸರನ್ನೆತ್ತಿದೊಡನೆ ಅಲೀಪುರದ ಮೊಕದ್ದಮೆಯಲ್ಲಿ ಅರವಿಂದ ಘೋಷರ ಪರವಾಗಿ ಅವರು ಮಾಡಿದ ವಾದವೂ, ರಾಜವೈಭವದ ವಕೀಲಿಯನ್ನು ತೃಣದಂತೆ ತೊರೆದ ತ್ಯಾಗವೂ ನೆನಪಿಗೆ ಬರುತ್ತವೆ. ಅವರು ಮೇಯರಾಗಿ ನಗರದ ನೌಕರಿಗಳನ್ನು ತುಂಬಿದ ಬಗೆಯನ್ನು ಸ್ಮರಿಸುವವರು ವಿರಳ. ಊರಾಡಳಿತದ ಕಚೇರಿಯಲ್ಲಿ ಯಾರನ್ನು ಕೂರಿಸಬೇಕೆಂಬುದು ಯಾವ ಕಾಲಕ್ಕೂ ತೊಡಕಿನ ಪ್ರಶ್ನೆಯೇ ಆದುದರಿಂದ ಆ ಸಂಗತಿಯನ್ನೇ ಇಂದು ಓದುಗರ ಮುಂದಿಡುತ್ತೇವೆ.

ದಾಸರು ಜನಿಸಿದುದು 1870ರ ನವೆಂಬರ್ 5ರಂದು. ಸಿವಿಲ್ ಸರ್ವಿಸ್ ಪರೀಕ್ಷೆಗೆಂದು ವಿಲಾಯತಿಗೆ ಹೋಗಿ, ಅದರಲ್ಲಿ ಸಫಲರಾಗದೆ, ಬ್ಯಾರಿಸ್ಟರಾಗಿ ಮರಳಿದರು. ತಂದೆಯ ಸಾಲದಿಂದ ದಿವಾಳಿಯೆನಿಸಿಕೊಂಡವರು ಮುಂದೆ ಸಂಪಾದನೆ ಕೈಹತ್ತಿದಾಗ, ಕಾಯಿದೆಯ ಬಲವಂತವಿಲ್ಲದಿದ್ದರೂ ಅದನ್ನೆಲ್ಲ ತೀರಿಸಿದರು. 1922ರ ಗಯಾ ಕಾಂಗ್ರೆಸ್ಸಿನ ಅಧ್ಯಕ್ಷತೆ, ಮರುವರ್ಷದ ಸ್ವರಾಜ್ಯ ಪಕ್ಷ, ಇವು ಸರ್ವವಿದಿತವಾಗಿವೆ.

ಸುರೇಂದ್ರನಾಥ ಬ್ಯಾನರ್ಜಿಯವರು ಮಂತ್ರಿಗಳಾಗಿದ್ದಾಗ ಆದ 1923ರ ಕಾಯಿದೆಯು ಕಲ್ಕತ್ತಾ ಕಾರ್ಪೊರೇಷನ್ನಿನ ಸೂತ್ರವನ್ನು ಚುನಾಯಿತರ ಕೈಗಿತ್ತಿತು. 1924ರಲ್ಲಿ ಸ್ವರಾಜ್ಯ ಪಕ್ಷವು ಗೆದ್ದು ದಾಸರು ಮೇಯರಾದರು; ಸುಹ್ರವರ್ದಿಯವರು ಉಪಮೇಯರಾದರು. ಮುಖ್ಯಾಧಿಕಾರಿಯ ಪದವಿಗೆ ದಾಸರು ಆರಿಸಿದುದು 27 ವಯಸ್ಸಿನ ಸುಭಾಷಚಂದ್ರ ಬೋಸರನ್ನು. ತಮಗೆ ದಕ್ಕದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಆ ನೌಕರಿಯನ್ನೇ ಎಸೆದು ಬಂದ ತರುಣನನ್ನು ದಾಸರು ಆರಿಸಿದರೆಂಬುದು ಸ್ವಾರಸ್ಯದ ವಿಷಯ. ಸರ್ಕಾರವು ಸಮ್ಮತಿಯನ್ನೀಯಲು ಮೀನಮೇಷವೆಣಿಸಿತು. ತಿಂಗಳಿಗೆ 3000 ರೂಪಾಯಿಯಿದ್ದ ಸಂಬಳದಲ್ಲಿ ಸುಭಾಷರು 1500ನ್ನು ಮಾತ್ರ ತೆಗೆದುಕೊಂಡರು. ನಗರದ ನೌಕರರಿಗೆ ಖಾದಿಯ ಉಡುಪು ಬಂದುದೂ ಈ ಕಾಲದಲ್ಲಿಯೇ.

ಆದರೆ ಆ ಪದವಿಯ ಮೇಲೆ ಮೇದಿನಿಪುರದ ಬೀರೇಂದ್ರನಾಥ ಶಾಸಮಲರಿಗೂ ಆಸೆಯಿದ್ದಿತು. ತಮ್ಮ ಜಿಲ್ಲೆಯಲ್ಲಿ ಯೂನಿಯನ್ ಬೋರ್ಡುಗಳ ತೆರಿಗೆಯ ವಿರುದ್ಧ ರೈತರನ್ನು ನಿಲ್ಲಿಸಿ ಗೆದ್ದ ಧೀರರು ಅವರು. ಅವರನ್ನು ಬದಿಗಿರಿಸಿದುದರಿಂದ ಹುಟ್ಟಿದ ಕಹಿಯು ಬಂಗಾಳದ ಕಾಂಗ್ರೆಸ್ಸನ್ನು ಬಹುಕಾಲ ಕಾಡಿತು. ಸುಭಾಷರ ಯೋಗ್ಯತೆಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಯೋಗ್ಯನನ್ನು ಆರಿಸಿದ ಮಾತ್ರಕ್ಕೆ ಆರಿಸುವವನ ಹೊಣೆಯು ತೀರಲಿಲ್ಲ. ಸೆರೆಮನೆಯಿಂದ ಮರಳಿದ ದೇಶಸೇವಕರಿಗೆ ನಗರದ ಶಾಲೆಗಳಲ್ಲಿ ಉಪಾಧ್ಯಾಯ ವೃತ್ತಿ ಕೊಟ್ಟುದನ್ನೂ ನಾವು ಪೂರ್ಣವಾಗಿ ಮೆಚ್ಚಲಾರೆವು. ಸೆರೆವಾಸವು ತ್ಯಾಗಕ್ಕೆ ಸಾಕ್ಷಿಯೇ ಹೊರತು ಪಾಠ ಹೇಳುವ ಶಕ್ತಿಗಲ್ಲ.

ಇದಕ್ಕಿಂತ ದೊಡ್ಡ ಗದ್ದಲವೆದ್ದುದು ಮುಸಲ್ಮಾನರ ನೇಮಕಗಳ ವಿಷಯದಲ್ಲಿ. ಬಂಗಾಳದಲ್ಲಿ ಅವರೇ ಬಹುಸಂಖ್ಯಾತರಾಗಿದ್ದರೂ ಕಚೇರಿಗಳಲ್ಲಿ ಅವರು ಕಾಣುತ್ತಿದ್ದುದು ಅಪರೂಪ. ಸರ್ಕಾರದ ಹುದ್ದೆಗಳಲ್ಲಿ ನೂರಕ್ಕೆ 55 ಅವರಿಗೆ ಸಲ್ಲಬೇಕೆಂದು ದಾಸರು 1923ರಲ್ಲಿ ಒಪ್ಪಂದ ಮಾಡಿದ್ದರು. ಕಾಕಿನಾಡ ಕಾಂಗ್ರೆಸ್ಸು ಅದನ್ನು ಒಪ್ಪಲಿಲ್ಲ. ಮೇಯರಾದ ಮೇಲೆ ದಾಸರು ಕಾರ್ಪೊರೇಷನ್ನಿನಲ್ಲಿ ತೆರವಾದ ಸ್ಥಾನಗಳಲ್ಲಿ ದೊಡ್ಡ ಪಾಲನ್ನು ಮುಸಲ್ಮಾನ ತರುಣರಿಗೆ ಕೊಡಿಸಿದರು. ಸ್ವಜನರ ಪತ್ರಿಕೆಗಳೇ ಅವರನ್ನು ನಿಂದಿಸಿದವು. ಮಾತಿನಲ್ಲಿ ಐಕ್ಯವನ್ನು ಸಾರಿ, ಕುರ್ಚಿಯನ್ನು ಮಾತ್ರ ಬಿಡದವರ ನಡುವೆ ಅವರ ಈ ಧೈರ್ಯವು ಅಸಾಮಾನ್ಯವಾದುದೆಂದು ನಾವು ಎಣಿಸುತ್ತೇವೆ.

1924ರ ಅಕ್ಟೋಬರ್ 25ರಂದು ಸುಭಾಷರ ಬಂಧನವಾಯಿತು. ಕೆಲವು ವಾರ ಅಲೀಪುರದ ಸೆರೆಮನೆಗೇ ಕಡತಗಳು ಹೋಗಿಬರುತ್ತಿದ್ದವು. 1925ರ ಜನವರಿಯಲ್ಲಿ ಅವರನ್ನು ಮಂಡಾಲೆಗೆ ಸಾಗಿಸಿದರು. ಆ ವರ್ಷದ ಜೂನ್ 16ರಂದು ದಾಸರು ಡಾರ್ಜಿಲಿಂಗಿನಲ್ಲಿ ದೇಹವಿಟ್ಟರು. 1926ರಲ್ಲಿ ಕೃಷ್ಣನಗರದಲ್ಲಿ ಸೇರಿದ ಪ್ರಾಂತ ಪರಿಷತ್ತು ಅವರ ಒಪ್ಪಂದವನ್ನು ತಳ್ಳಿಹಾಕಿತು.