ತಾಳ್ಮೆಯ ಆಟಗಾರ ಆರ್ಥರ್ ಆಶ್

ಆಟದಲ್ಲಿ ತೀರ್ಪು ನಮಗೆ ವಿರುದ್ಧವಾದೊಡನೆ ಕೂಗಾಡುವುದು ನಮ್ಮೆಲ್ಲರ ಸ್ವಭಾವ. ತಪ್ಪು ತೀರ್ಪನ್ನೂ ಸಹಿಸಿಕೊಂಡು ಆಡಿ, ಜಗತ್ತಿನ ಮೊದಲ ಸಾಲಿಗೆ ಬಂದ ಟೆನಿಸ್ ಆಟಗಾರರೊಬ್ಬರ ಜೀವನವನ್ನು ಇಲ್ಲಿ ನೋಡೋಣ.

ಆರ್ಥರ್ ಆಶ್ ಅವರು 1943ನೆಯ ಇಸವಿ ಜುಲೈ 10ರಂದು ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಜನಿಸಿದರು. ಆಗ ಅಲ್ಲಿ ಕರಿಯರಿಗೂ ಬಿಳಿಯರಿಗೂ ಶಾಲೆ ಬೇರೆ, ಆಟದ ಬಯಲೂ ಬೇರೆ. ಆಶ್ ಕರಿಯ ಜನಾಂಗದವರು. ಅವರ ತಂದೆ ಕರಿಯರಿಗೆ ಮೀಸಲಾದ ಉದ್ಯಾನವೊಂದನ್ನು ನೋಡಿಕೊಳ್ಳುತ್ತಿದ್ದರು. ಮನೆಯೂ ಅಲ್ಲಿಯೇ ಇದ್ದುದರಿಂದ ಅಲ್ಲಿನ ಟೆನಿಸ್ ಕೋರ್ಟೇ ಬಾಲಕನ ಅಂಗಳವಾಯಿತು. ಆರನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಈ ಹುಡುಗ ಮೈಯಲ್ಲಿ ಬಡಕಲು, ಮಾತಿನಲ್ಲಿ ಮಿತ.

ಲಿಂಚ್‌ಬರ್ಗಿನ ವೈದ್ಯ ರಾಬರ್ಟ್ ವಾಲ್ಟರ್ ಜಾನ್ಸನ್ ಅವರು ಬೇಸಿಗೆ ರಜೆಯಲ್ಲಿ ಕರಿಯ ಮಕ್ಕಳನ್ನು ತಮ್ಮ ಮನೆಗೆ ಕರೆಸಿ ಟೆನಿಸ್ ಕಲಿಸುತ್ತಿದ್ದರು. ಅವರ ನಿಯಮಗಳು ಕಠಿಣ. ಎದುರಾಳಿಯ ಚೆಂಡು ಗೆರೆಯಿಂದ ತುಸು ಹೊರಗೆ ಬಿದ್ದರೂ ಒಳಗೆ ಬಿತ್ತೆಂದೇ ತಿಳಿದು ಆಡಬೇಕು, ತೀರ್ಪುಗಾರನೊಡನೆ ವಾದಿಸಕೂಡದು, ರಾಕೆಟ್ ಎಸೆಯಕೂಡದು. ಕರಿಯ ಹುಡುಗರನ್ನು ಪಂದ್ಯದಿಂದ ಹೊರಗಟ್ಟಲು ಯಾರಿಗೂ ನೆಪ ಸಿಗಬಾರದೆಂಬುದೇ ಇದರ ಉದ್ದೇಶ. ಆಶ್ ಈ ಪಾಠವನ್ನು ಕೊನೆಯವರೆಗೂ ಮರೆಯಲಿಲ್ಲ.

1963ರಲ್ಲಿ ಅವರು ಡೇವಿಸ್ ಕಪ್ ಪಂದ್ಯದಲ್ಲಿ ಅಮೆರಿಕದ ಪರವಾಗಿ ಆಡಿದ ಮೊದಲ ಕರಿಯ ಆಟಗಾರರಾದರು. 1968ರಲ್ಲಿ, ಸೈನ್ಯದಲ್ಲಿ ಲೆಫ್ಟಿನೆಂಟ್ ಆಗಿದ್ದಾಗಲೇ, ಅಮೆರಿಕದ ಓಪನ್ ಪಂದ್ಯಾವಳಿಯನ್ನು ಗೆದ್ದರು. ಹವ್ಯಾಸಿ ಆಟಗಾರರಾದ್ದರಿಂದ 14,000 ಡಾಲರ್ ಬಹುಮಾನ ಅವರಿಗೆ ಸಿಗದೆ, ಸೋತ ಟಾಮ್ ಓಕರ್ ಪಾಲಾಯಿತು! ಮುಂದೆ ಆಶ್ ವೃತ್ತಿ ಆಟಗಾರರಾದರು.

ವರ್ಣಭೇದದ ದಕ್ಷಿಣ ಆಫ್ರಿಕವು ಅವರಿಗೆ ಹಲವು ಬಾರಿ ಪ್ರವೇಶ ನಿರಾಕರಿಸಿತ್ತು. 1973ರಲ್ಲಿ ಅನುಮತಿ ದೊರೆತಾಗ, ಪ್ರೇಕ್ಷಕರನ್ನು ಬಣ್ಣ ನೋಡಿ ಕೂರಿಸಕೂಡದೆಂದು ಅವರು ಷರತ್ತು ಹಾಕಿದರು. ಅಂಥ ದೇಶಕ್ಕೆ ಹೋಗುವುದೇ ತಪ್ಪೆಂದು ಸ್ವಜನರಲ್ಲೇ ಕೆಲವರು ಟೀಕಿಸಿದರು. ಆಶ್ ಟೀಕೆಯನ್ನು ಕೇಳಿಕೊಂಡರು, ಆದರೂ ಹೋದರು. ಅಲ್ಲಿ ಓಕರ್ ಅವರೊಡನೆ ಸೇರಿ ಡಬಲ್ಸ್ ಪ್ರಶಸ್ತಿ ಗೆದ್ದರು.

1975ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಎದುರಾಳಿ 22 ವರ್ಷದ ಜಿಮ್ಮಿ ಕಾನರ್ಸ್. ಆಶ್ ಅವರಿಗೆ 32 ತುಂಬಲು ಐದೇ ದಿನ ಉಳಿದಿತ್ತು. ಕಾನರ್ಸ್ ಎದುರಾಳಿಯ ಹೊಡೆತದ ವೇಗವನ್ನೇ ಬಳಸಿ ಗೆಲ್ಲುವವರು. ಇದನ್ನರಿತ ಆಶ್ ತಮ್ಮ ಬಿರುಸಿನ ಆಟ ಬಿಟ್ಟು, ಚೆಂಡನ್ನು ಮೆಲ್ಲಗೆ, ತಗ್ಗಾಗಿ, ಅಂಚಿಗೆ ಕಳುಹಿಸತೊಡಗಿದರು. 6-1, 6-1, 5-7, 6-4ರಿಂದ ಗೆದ್ದು, ವಿಂಬಲ್ಡನ್ ಸಿಂಗಲ್ಸ್ ಗೆದ್ದ ಮೊದಲ ಕರಿಯ ಪುರುಷರೆನಿಸಿದರು.

1979ರಲ್ಲಿ ಹೃದಯಾಘಾತವಾಗಿ, ಮರುವರ್ಷ ಆಟದಿಂದ ನಿವೃತ್ತರಾದರು. 1985ರಲ್ಲಿ ವರ್ಣಭೇದವನ್ನು ಪ್ರತಿಭಟಿಸಿ ವಾಷಿಂಗ್ಟನ್ನಿನಲ್ಲಿ ಬಂಧನಕ್ಕೊಳಗಾದರು. 1983ರ ಶಸ್ತ್ರಚಿಕಿತ್ಸೆಯ ವೇಳೆ ಪಡೆದ ರಕ್ತದಿಂದ ಏಡ್ಸ್ ರೋಗಾಣು ಅವರ ದೇಹ ಸೇರಿತ್ತು. ರೋಗಿಗಳನ್ನು ಜನ ದೂರವಿಡುತ್ತಿದ್ದ ಆ ಕಾಲದಲ್ಲಿ, 1992ರಲ್ಲಿ, ಪತ್ರಿಕೆಯೊಂದು ಸುದ್ದಿಯ ಬೆನ್ನು ಹತ್ತಿದಾಗ ತಾವೇ ಅದನ್ನು ಲೋಕಕ್ಕೆ ತಿಳಿಸಿದರು. ಉಳಿದ ದಿನಗಳನ್ನು ಆ ರೋಗದ ತಿಳಿವಳಿಕೆ ಹಬ್ಬಿಸಲು ಮುಡಿಪಿಟ್ಟರು. 1993ರ ಫೆಬ್ರವರಿ 6ರಂದು, 49ನೆಯ ವಯಸ್ಸಿನಲ್ಲಿ ನಿಧನರಾದರು. ನ್ಯೂಯಾರ್ಕಿನ ದೊಡ್ಡ ಟೆನಿಸ್ ಕ್ರೀಡಾಂಗಣಕ್ಕೆ 1997ರಿಂದ ಅವರ ಹೆಸರಿದೆ.

ವಿದ್ಯಾರ್ಥಿಗಳೇ, ಗೆರೆ ದಾಟಿದ ಚೆಂಡಿಗಾಗಿ ಜಗಳವಾಡದ ಈ ಮನುಷ್ಯ ನ್ಯಾಯಕ್ಕಾಗಿ ಬಂಧನಕ್ಕೂ ಅಂಜಲಿಲ್ಲ. ಯಾವುದನ್ನು ಸಹಿಸಬೇಕು, ಯಾವುದನ್ನು ಸಹಿಸಬಾರದು ಎಂಬ ವಿವೇಕವನ್ನು ನಾವೂ ಅವರಿಂದ ಕಲಿಯೋಣ.